ನಮ್ಮೂರ ನೀರಿನ ಬಗ್ಗೆ ಹುಡುಕಿದ್ದು

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತಿನ ಬರಹ ರೂಪ)



ಸಮಿತಿಯವರು ಫೋನ್ ಮಾಡಿ, "ನೀನು ಬಿ.ಇ. ಮಾಡಿದವನು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೀಯ, ಮಕ್ಕಳಿಗೆ ಸ್ಫೂರ್ತಿ ಬರುವ ಹಾಗೆ ಹದಿನೈದು ನಿಮಿಷ ಮಾತಾಡು" ಎಂದರು. ಸ್ಫೂರ್ತಿಯ ಮಾತು ನನಗೆ ಬರುವುದಿಲ್ಲ. ನಾನು ಮಾಡಿದ ಒಂದು ತಪ್ಪು ಮತ್ತು ಅದನ್ನು ತಿಳಿದುಕೊಂಡ ದಾರಿ ಗೊತ್ತಿದೆ. ಅದನ್ನೇ ಹೇಳುತ್ತೇನೆ.

ಹೊರಗೆ ವರಾಂಡದಲ್ಲಿ ಐವತ್ತು ವರ್ಷದ ಗ್ರೂಪ್ ಫೋಟೋಗಳನ್ನು ಸಾಲಾಗಿ ತೂಗುಹಾಕಿದ್ದಾರೆ. ನಿನ್ನೆ ಸಂಜೆ ಒಂದೊಂದಾಗಿ ನೋಡಿದೆ. ಮೊದಲು ಕಪ್ಪುಬಿಳುಪು, ಆಮೇಲೆ ಬಣ್ಣದವು. ಬಟ್ಟೆ ಬದಲಾಗಿದೆ, ಕೂದಲು ಬಾಚುವ ರೀತಿ ಬದಲಾಗಿದೆ. ಬದಲಾಗದ್ದು ಒಂದೇ: ಯಾರೂ ಹಲ್ಲು ಬಿಟ್ಟು ನಕ್ಕಿಲ್ಲ. ಎಲ್ಲರೂ ತುಟಿ ಬಿಗಿಹಿಡಿದು ನಿಂತಿದ್ದೇವೆ. ಹೊರಗಿನವರು ನೋಡಿದರೆ ಈ ಶಾಲೆಯಲ್ಲಿ ಶಿಸ್ತು ಭಾರಿ ಎಂದುಕೊಳ್ಳಬೇಕು. ಶಿಸ್ತೂ ಇತ್ತು, ಸುಳ್ಳಲ್ಲ. ಆದರೆ ಕಾರಣ ಅದಲ್ಲ ಎಂದು ಇಲ್ಲಿ ಕೂತಿರುವ ಎಲ್ಲರಿಗೂ ಗೊತ್ತು. ನಮ್ಮ ಹಲ್ಲಿನ ಮೇಲೆ ಕಂದು ಗೆರೆ, ಸುಣ್ಣದ ಮಚ್ಚೆ. ಪಾವಗಡದ ಕಡೆಯ ಹುಡುಗ ಎಂದು ಹೇಳಲು ಊರಿನ ಹೆಸರು ಬೇಕಾಗಿರಲಿಲ್ಲ, ಬಾಯಿ ತೆರೆದರೆ ಸಾಕಿತ್ತು. ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ನಾನು ಅಂಗೈ ಬಾಯಿಗೆ ಅಡ್ಡ ಹಿಡಿದುಕೊಂಡೇ ಉತ್ತರ ಹೇಳಿದ್ದು.

ಹಲ್ಲಿನದು ನೋಡಲು ಕಾಣುತ್ತದೆ. ಮೂಳೆಯದು ಕಾಣುವುದಿಲ್ಲ. ನಮ್ಮಜ್ಜ ಕೊನೆಯ ಹತ್ತು ವರ್ಷ ಕತ್ತು ತಿರುಗಿಸಲಾಗದೆ, ಯಾರಾದರೂ ಕರೆದರೆ ಇಡೀ ಮೈಯನ್ನೇ ತಿರುಗಿಸಿ ನೋಡುತ್ತಿದ್ದರು. ವಾತ ಎಂದರು. ಎಣ್ಣೆ ಉಜ್ಜಿದೆವು, ಶನಿ ಮಹಾತ್ಮನಿಗೆ ಹರಕೆಯೂ ಆಯಿತು. ಅಜ್ಜ ವಾತ ಎಂದುಕೊಂಡೇ ಹೋದರು.

ನಾನು ಕೆಲಸಕ್ಕೆ ಸೇರಿದ ಕೆಲವು ವರ್ಷಕ್ಕೆ ಅಮ್ಮನಿಗೂ ಮಂಡಿ ನೋವು ಶುರುವಾಯಿತು. ರಜೆಗೆ ಬಂದವನು, ನಾಲ್ಕಕ್ಷರ ಕಲಿತ ಮಗ, ಗತ್ತಿನಲ್ಲಿ ಹೇಳಿದೆ: "ಬೋರ್‌ವೆಲ್ ನೀರು ಹಾಗೇ ಕುಡಿಯಬೇಡ, ಚೆನ್ನಾಗಿ ಕುದಿಸಿ ಕುಡಿ. ಅರ್ಧ ಗಂಟೆ ಕುದಿಯಲಿ." ಅಮ್ಮ ನನ್ನ ಮಾತು ಮೀರುವವಳಲ್ಲ. ನಾಲ್ಕು ವರ್ಷ, ದಿನಾ ಬೆಳಿಗ್ಗೆ ಒಲೆ ಹಚ್ಚಿ ದೊಡ್ಡ ತಪ್ಪಲೆಯಲ್ಲಿ ನೀರು ಕುದಿಸಿದಳು.

2019ರಲ್ಲಿ ಅಮ್ಮನನ್ನು ಒಬ್ಬ ಮೂಳೆ ವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಎಕ್ಸ್‌ರೇ ನೋಡಿ, "ಯಾವೂರು?" ಎಂದು ಕೇಳಿದರು. ಹೇಳಿದೆ. "ನಿಮ್ಮ ನೀರಿನಲ್ಲಿ ಫ್ಲೋರೈಡ್ ಇದೆಯಲ್ಲ, ಅದರದ್ದೂ ಪಾಲಿರಬಹುದು" ಎಂದರು. ಹೊರಗೆ ಜನ ಕಾಯುತ್ತಿದ್ದರು, ಹೆಚ್ಚು ಕೇಳಲು ಆಗಲಿಲ್ಲ. ಆ ರಾತ್ರಿ ಮೊಬೈಲ್ ಹಿಡಿದು ಕೂತೆ. ಮೊದಲು ಬಂದದ್ದೆಲ್ಲ ಫಿಲ್ಟರ್ ಮಾರುವವರ ಜಾಹೀರಾತು. ಒಂದು ವಿಡಿಯೋ ತಾಮ್ರದ ಚೊಂಬಿನಲ್ಲಿಡಿ ಎಂದಿತು. ಇನ್ನೊಂದು, ತುಳಸಿ ಹಾಕಿದರೆ ಸಾಕು ಎಂದಿತು. ಒಂದರಲ್ಲಿ ಕುದಿಸಿ ಎಂದಿತ್ತು, ಮತ್ತೊಂದರಲ್ಲಿ ಕುದಿಸಲೇಬೇಡಿ ಎಂದಿತ್ತು. ನಾನು ದಿನಾ ಕಂಪ್ಯೂಟರಿನ ಮುಂದೆ ಕೂತು ಸಂಬಳ ತೆಗೆದುಕೊಳ್ಳುವವನು. ಈ ಎರಡರಲ್ಲಿ ಯಾವುದು ನಿಜ ಎಂದು ಹೇಳಲು ನನ್ನ ಕೈಯಲ್ಲಿ ಆಗಲಿಲ್ಲ.

ನಮ್ಮ ಶಾಲೆಯ ಗ್ರಂಥಾಲಯ ನೆನಪಿದೆಯಲ್ಲ? ಹೆಡ್‌ಮಾಸ್ಟರ್ ಕೊಠಡಿಯಲ್ಲಿ ಒಂದು ಹಸಿರು ಬೀರು. ಬೀಗದ ಕೈ ಒಬ್ಬರ ಹತ್ತಿರ, ಪುಸ್ತಕದ ಪಟ್ಟಿ ಇನ್ನೊಬ್ಬರ ಹತ್ತಿರ. ಇಬ್ಬರೂ ಒಂದೇ ದಿನ ಶಾಲೆಯಲ್ಲಿದ್ದರೆ ಪುಸ್ತಕ ಸಿಗುತ್ತಿತ್ತು. ನಗಬೇಡಿ, ಆ ಪಟ್ಟಿಯೇ ನಾನು ಜೀವನದಲ್ಲಿ ನೋಡಿದ ಮೊದಲ ಡೇಟಾಬೇಸ್. ಕ್ರಮ ಸಂಖ್ಯೆ, ಲೇಖಕರು, ಹೆಸರು, ಬೆಲೆ, ಷರಾ. ಆದರೆ 'ಷರಾ' ಕಾಲಂನಲ್ಲಿ 'ಗೆದ್ದಲು' ಎಂದೇ ಹೆಚ್ಚು ಬರೆದಿರುತ್ತಿತ್ತು. ಆಮೇಲೆ ಎಂಜಿನಿಯರಿಂಗ್ ಕಾಲೇಜಿನಲ್ಲಿ ಡಿಜಿಟಲ್ ಲೈಬ್ರರಿ ಎಂಬ ಹವಾನಿಯಂತ್ರಿತ ಕೋಣೆಯಿತ್ತು. ನಾಲ್ಕು ವರ್ಷದಲ್ಲಿ ನಾನು ಅಲ್ಲಿಗೆ ಹೋದದ್ದು ಮೊಬೈಲ್ ಚಾರ್ಜ್ ಮಾಡಲು ಮತ್ತು ಬೇಸಿಗೆಯಲ್ಲಿ ನಿದ್ದೆ ಮಾಡಲು.

ಅದೇ ಕೋಣೆಗೆ 2019ರ ಡಿಸೆಂಬರ್‌ನಲ್ಲಿ ಮತ್ತೆ ಹೋದೆ. ಗ್ರಂಥಪಾಲಕಿ ಮೇಡಂ ನನ್ನನ್ನು ಗುರುತಿಸಿದರು, ಯಾವುದಕ್ಕಾಗಿ ಗುರುತಿಸಿದರು ಎಂದು ಕೇಳಲಿಲ್ಲ. ವಿಷಯ ಹೇಳಿದೆ. "ಗೂಗಲ್‌ನಲ್ಲಿ ನೋಡಿದ್ದೇನೆ ಮೇಡಂ, ಏನೂ ಸಿಗಲಿಲ್ಲ" ಎಂದೆ. ಅವರು ಹೇಳಿದರು: "ನೀವು ಪೇಟೆಯಲ್ಲಿ ನಿಂತು ಕೂಗಿದ್ದೀರಿ. ಯಾರ ಗಂಟಲು ದೊಡ್ಡದೋ ಅವರು ಉತ್ತರ ಕೊಟ್ಟಿದ್ದಾರೆ. ಈ ವಿಷಯವನ್ನು ಅಳೆದು ನೋಡಿದವರು ಜರ್ನಲ್‌ಗಳಲ್ಲಿ ಬರೆದಿರುತ್ತಾರೆ. ಅಲ್ಲಿ ಹುಡುಕೋಣ ಕೂತ್ಕೊಳ್ಳಿ."

ಜರ್ನಲ್ ಎಂದರೆ ಏನು ಎಂದು ಊರಿನವರಿಗಾಗಿ ಒಂದು ಮಾತು. ವಿಜ್ಞಾನಿ ಒಂದು ಪ್ರಯೋಗ ಮಾಡಿದರೆ ಹೇಗೆ ಮಾಡಿದೆ, ಎಷ್ಟು ಜನರ ಮೇಲೆ, ಎಷ್ಟು ದಿನ, ಏನು ಕಂಡಿತು ಎಂದು ಬರೆದು ಕಳಿಸುತ್ತಾನೆ. ಅದೇ ವಿಷಯ ಬಲ್ಲ ಬೇರೆಯವರು ಅದನ್ನು ಓದಿ, ತಪ್ಪು ಹಿಡಿದು, ತಿದ್ದಿಸಿ, ಆಮೇಲೆ ಅಚ್ಚಾಗುತ್ತದೆ. ತಪ್ಪು ನುಸುಳುವುದಿಲ್ಲ ಎಂದಲ್ಲ. ದುಡ್ಡು ಕೊಟ್ಟರೆ ಏನನ್ನು ಬೇಕಾದರೂ ಅಚ್ಚು ಹಾಕುವ ಕಳ್ಳ ಜರ್ನಲ್‌ಗಳೂ ಇವೆ. ಆದರೂ ತುಳಸಿ ವಿಡಿಯೋಕ್ಕಿಂತ ಎಷ್ಟೋ ಮೇಲು, ಏಕೆಂದರೆ ಹೇಗೆ ಮಾಡಿದೆವು ಎಂದು ಹೇಳಿರುತ್ತಾರೆ, ನಾವು ಕೇಳಬಹುದು.

ಮೇಡಂ ಒಂದು ಡೇಟಾಬೇಸ್ ತೆರೆದು ಕೀಬೋರ್ಡ್ ನನ್ನ ಕಡೆ ತಳ್ಳಿದರು. ನಾನು ಗೂಗಲ್‌ನಲ್ಲಿ ಬರೆದ ಹಾಗೆಯೇ, ಮನೆಯಲ್ಲಿ ನೀರಿನಿಂದ ಫ್ಲೋರೈಡ್ ತೆಗೆಯುವುದು ಹೇಗೆ ಎಂದು ಇಂಗ್ಲಿಷಿನಲ್ಲಿ ಉದ್ದ ವಾಕ್ಯ ಬರೆದೆ. ಸೊನ್ನೆ. ವಾಕ್ಯ ತೆಗೆದು ಫ್ಲೋರೈಡ್ ಎಂಬ ಒಂದೇ ಪದ ಹಾಕಿದೆ. ಬೆರಳೆಣಿಕೆಯಷ್ಟು ಲೇಖನ ಬಂದವು. "ಇಷ್ಟೇನಾ ಮೇಡಂ ಪ್ರಪಂಚದಲ್ಲಿ?" ಎಂದೆ. ಅವರು ಪರದೆಯ ಮೇಲೆ ಬೆರಳಿಟ್ಟರು. ನಾನು ಎಫ್, ಎಲ್, ಓ, ಯು ಎಂದು ಬರೆದಿದ್ದೆ. ಸರಿಯಾದದ್ದು ಎಫ್, ಎಲ್, ಯು, ಓ. ಎಲ್ ಆದ ಮೇಲೆ ಯು. ನಾನು ಬರೆದದ್ದರಲ್ಲಿ ಮೊದಲ ಐದು ಅಕ್ಷರ ಓದಿದರೆ ಹಿಟ್ಟು ಎಂದಾಗುತ್ತದೆ! ಗೂಗಲ್ ಇಂಥ ತಪ್ಪನ್ನು ಸದ್ದಿಲ್ಲದೆ ತಿದ್ದಿಕೊಳ್ಳುತ್ತದೆ, ಅದಕ್ಕೇ ಮೂವತ್ತು ವರ್ಷ ನನಗೆ ಗೊತ್ತಾಗಿರಲಿಲ್ಲ. ಈ ಡೇಟಾಬೇಸ್ ನಮ್ಮ ಇಂಗ್ಲಿಷ್ ಮೇಷ್ಟ್ರ ಹಾಗೆ, ಬರೆದದ್ದನ್ನೇ ನೋಡುತ್ತದೆ. ಸಿಕ್ಕ ಆ ನಾಲ್ಕಾರು ಲೇಖನಗಳೂ ನನ್ನ ಹಾಗೇ ತಪ್ಪು ಬರೆದ ಪಂಡಿತರವು ಎಂದು ತಿಳಿದಾಗ ಸ್ವಲ್ಪ ಸಮಾಧಾನವಾಯಿತು.

ಕಾಗುಣಿತ ತಿದ್ದಿದೆ. ಈಗ ಹತ್ತಾರು ಸಾವಿರ ಬಂದವು. ಟೂತ್‌ಪೇಸ್ಟ್, ಅಮೆರಿಕದ ನಲ್ಲಿ ನೀರು, ಅಲ್ಯೂಮಿನಿಯಂ ಕಾರ್ಖಾನೆ, ಎಲ್ಲ. ಮೊದಲು ಬರಗಾಲ, ಆಮೇಲೆ ಪ್ರವಾಹ.

ಇಲ್ಲಿಂದ ಮೇಡಂ ಕಲಿಸಿದ್ದು ನನಗೆ ನಿಜವಾಗಿ ಗೊತ್ತಿರಬೇಕಾದ ವಿದ್ಯೆ. ನಾನು ದಿನಾ ಕಂಪ್ಯೂಟರಿಗೆ 'ಆಂಡ್', 'ಆರ್' ಎಂದು ಬರೆಯುವವನೇ. ಹುಡುಕುವಾಗಲೂ ಅದೇ ಕೆಲಸ ಮಾಡುತ್ತದೆ ಎಂದು ಹೊಳೆದಿರಲಿಲ್ಲ. ಮಕ್ಕಳಿಗೆ ಹೀಗೆ ಹೇಳುತ್ತೇನೆ: ನಮ್ಮೂರಿನಲ್ಲಿ ಎತ್ತೂ ಇರುವ, ಟ್ರ್ಯಾಕ್ಟರೂ ಇರುವ ಮನೆ ಎಷ್ಟು? ಕಡಿಮೆ. ಎತ್ತಾದರೂ ಸರಿ, ಟ್ರ್ಯಾಕ್ಟರಾದರೂ ಸರಿ ಎಂದರೆ ಎಷ್ಟು? ಹೆಚ್ಚು. 'ಮತ್ತು' ಹಾಕಿದರೆ ಪಟ್ಟಿ ಕಿರಿದಾಗುತ್ತದೆ, 'ಅಥವಾ' ಹಾಕಿದರೆ ಹಿರಿದಾಗುತ್ತದೆ. ಮಾತಿನಲ್ಲಿ 'ಮತ್ತು' ಎಂದರೆ ಇನ್ನಷ್ಟು ಸಿಗಬೇಕು ಅನ್ನಿಸುತ್ತದೆ, ಇಲ್ಲಿ ಉಲ್ಟಾ. ಒಂದೇ ಅರ್ಥದ ಪದಗಳನ್ನು 'ಅಥವಾ'ದಿಂದ ಕಟ್ಟಿ ಒಂದು ಕಂತೆ ಮಾಡಬೇಕು. ಬೇರೆ ಬೇರೆ ವಿಷಯದ ಕಂತೆಗಳನ್ನು 'ಮತ್ತು'ವಿನಿಂದ ಸೇರಿಸಬೇಕು. ಎರಡು ಪದ ಜೊತೆಯಾಗಿಯೇ ಬರಬೇಕಾದರೆ ಉದ್ಧರಣ ಚಿಹ್ನೆಯೊಳಗೆ ಇಡಬೇಕು. ಪದದ ಬಾಲ ಕತ್ತರಿಸಿ ನಕ್ಷತ್ರ ಚಿಹ್ನೆ ಹಾಕಿದರೆ ಅದರ ಎಲ್ಲ ರೂಪಗಳೂ ಬರುತ್ತವೆ. ಈ ಕೊನೆಯದನ್ನು ನಾನು ಉತ್ಸಾಹದಲ್ಲಿ ತೀರಾ ಮುಂಚೆಯೇ ಕತ್ತರಿಸಿ, 'ಫ್ಲೋರ್' ಎಂಬಲ್ಲಿಗೆ ನಕ್ಷತ್ರ ಹಾಕಿದೆ. ಟ್ಯೂಬ್‌ಲೈಟಿನ ಫ್ಲೋರೆಸೆಂಟ್ ಸಂಶೋಧಕರೆಲ್ಲ ಮೆರವಣಿಗೆ ಬಂದರು.

ಆದರೆ ಬಾಗಿಲು ತೆರೆದದ್ದು ಇವು ಯಾವುದೂ ಅಲ್ಲ, ಒಂದು ಪದ. ನಾನು "ನೀರಿನಿಂದ ಫ್ಲೋರೈಡ್ ತೆಗೆಯುವುದು" ಎಂದು ಹುಡುಕುತ್ತಿದ್ದೆ. ಮೇಡಂ ಬಂದ ಲೇಖನಗಳಲ್ಲಿ ಒಂದನ್ನು ತೆರೆದು, ಅದರ ಕೆಳಗೆ ಕೊಟ್ಟಿದ್ದ ಸೂಚಕ ಪದಗಳನ್ನು ತೋರಿಸಿದರು. ಅಲ್ಲಿ 'ಡಿಫ್ಲೋರಿಡೇಶನ್' ಎಂದಿತ್ತು. ಆ ವಿದ್ಯೆಯವರು ಅದಕ್ಕೆ ಇಟ್ಟುಕೊಂಡ ಹೆಸರು ಅದು. ಅದನ್ನು ಹಾಕಿದ ಮೇಲೆ ಜಾಹೀರಾತಿಲ್ಲ, ಟೂತ್‌ಪೇಸ್ಟಿಲ್ಲ. ನನಗೆ ಬೇಕಾದದ್ದೇ ಸಾಲುಗಟ್ಟಿ ನಿಂತಿತು. ಹಾಗೆಯೇ ನಾವು ವಾತ ಎನ್ನುವುದು ಅವರಿಗೆ 'ಸ್ಕೆಲಿಟಲ್ ಫ್ಲೋರೋಸಿಸ್'. ಮಂಡಿ ಒಳಕ್ಕೆ ಬಾಗಿ ಒಂದಕ್ಕೊಂದು ತಾಗುವುದು 'ಜೀನು ವಾಲ್ಗಮ್'. ಹಲ್ಲಿನ ಕಲೆ ಈಗ 'ಡೆಂಟಲ್ ಫ್ಲೋರೋಸಿಸ್', ಹಳೆಯ ಲೇಖನಗಳಲ್ಲಾದರೆ 'ಮಾಟಲ್ಡ್ ಎನಾಮೆಲ್'. ನಮ್ಮ ನೋವಿಗೆ ಅವರಿಟ್ಟ ಹೆಸರು ಗೊತ್ತಿಲ್ಲದಿದ್ದರೆ ಎದುರಿಗೇ ಇದ್ದರೂ ಸಿಗುವುದಿಲ್ಲ. ಊರಿನಲ್ಲಿ ಎಲ್ಲರೂ ಅಡ್ಡಹೆಸರಿನಲ್ಲಿ ಕರೆಯುವವನನ್ನು ವೋಟರ್ ಲಿಸ್ಟಿನಲ್ಲಿ ಹುಡುಕಿದ ಹಾಗೆ.

ಪಬ್‌ಮೆಡ್ ಎಂಬ ವೈದ್ಯಕೀಯ ಸೂಚಿ ಇದೆ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದವರದು, 1997ರಿಂದ ಯಾರಿಗೆ ಬೇಕಾದರೂ ಉಚಿತ. ಮೂರೂವರೆ ಕೋಟಿಗೂ ಹೆಚ್ಚು ಲೇಖನಗಳ ವಿವರ ಅದರಲ್ಲಿದೆ. ಅಲ್ಲಿ ಈ ಹೆಸರಿನ ಗೋಜಲು ಬಿಡಿಸಲೆಂದೇ ವಿಷಯ ಶೀರ್ಷಿಕೆಗಳ ವ್ಯವಸ್ಥೆ ಇದೆ. ಲೇಖಕ ಏನೇ ಪದ ಬಳಸಿರಲಿ, ಸೂಚಿ ಮಾಡುವವರು ಒಂದೇ ಶೀರ್ಷಿಕೆಯ ಕೆಳಗೆ ಸೇರಿಸುತ್ತಾರೆ. ಹಲ್ಲಿನದಕ್ಕೆ ಅವರ ಶೀರ್ಷಿಕೆ 'ಫ್ಲೋರೋಸಿಸ್, ಡೆಂಟಲ್' ಎಂದು ತಿರುವುಮುರುವಾಗಿ ಇದೆ, ನಮ್ಮ ಹಾಜರಿ ಪುಸ್ತಕದಲ್ಲಿ ಇನಿಶಿಯಲ್ ಕೊನೆಗೆ ಬರೆದ ಹಾಗೆ.

ಊರಿನ ಹೆಸರಿನದು ಇನ್ನೊಂದು ಕಥೆ. ನಾನು 'ಕರ್ನಾಟಕ' ಎಂದು ಸೇರಿಸಿ ಹುಡುಕಿದೆ. ಹಳೆಯದು ಯಾವುದೂ ಬರಲಿಲ್ಲ. ಮೇಡಂ ಕೇಳಿದರು, "ಕರ್ನಾಟಕ ಯಾವಾಗ ಆಯಿತು?" 1973ರ ನವೆಂಬರ್ 1. ಅದಕ್ಕೆ ಮುಂಚೆ ಬರೆದವರು ಮೈಸೂರು ರಾಜ್ಯ ಎಂದು ಬರೆದಿರುತ್ತಾರೆ. ಬಾಗೇಪಲ್ಲಿಯ ನೀರಿನ ಬಗ್ಗೆ ಬೇಕಾದರೆ ಚಿಕ್ಕಬಳ್ಳಾಪುರ ಎಂದಷ್ಟೇ ಹಾಕಿದರೆ ಸಾಲದು, ಆ ಜಿಲ್ಲೆ ಆದದ್ದೇ 2007ರಲ್ಲಿ, ಅದಕ್ಕೆ ಮುಂಚಿನದೆಲ್ಲ ಕೋಲಾರದ ಹೆಸರಿನಲ್ಲಿ. ತುಮಕೂರಿಗೆ ಇಂಗ್ಲಿಷಿನಲ್ಲಿ ಎರಡು ಕಾಗುಣಿತ, 2014ರ ನಂತರ ಒಂದು, ಮುಂಚೆ ಒಂದು. ಎರಡನ್ನೂ 'ಅಥವಾ' ಹಾಕಿ ಕೊಡಬೇಕು. ಸಮಾಜ ವಿಜ್ಞಾನದ ಮೇಷ್ಟ್ರು ಹೊಡೆದು ಹೊಡೆದು ಇಸವಿ ಕಲಿಸಿದ್ದು ಇದಕ್ಕಾದರೂ ಬಂತು.

ಒಂದು ಲೇಖನ ಸಿಕ್ಕಿದ ಮೇಲೆ ಅದರ ಬೇರು ಹಿಡಿದು ಹೋಗಬಹುದು. ಕೊನೆಯಲ್ಲಿ ಅವರು ಓದಿದ ಹಳೆಯ ಲೇಖನಗಳ ಪಟ್ಟಿ ಇರುತ್ತದೆ, ಅದು ಹಿಂದಕ್ಕೆ ಹೋಗುವ ದಾರಿ. ಈ ಲೇಖನವನ್ನು ಆಮೇಲೆ ಯಾರು ಯಾರು ಉಲ್ಲೇಖಿಸಿದರು ಎಂದು ಗೂಗಲ್ ಸ್ಕಾಲರ್‌ನಂಥವು ತೋರಿಸುತ್ತವೆ, ಅದು ಮುಂದಕ್ಕೆ ಬರುವ ದಾರಿ. ನಾನು ಹಿಂದಕ್ಕೆ ಹೋಗುತ್ತಾ ಹೋಗುತ್ತಾ 1937ಕ್ಕೆ ಬಂದು ನಿಂತೆ. ಶಾರ್ಟ್ ಎಂಬವರೂ ಅವರ ಜೊತೆಗಾರರೂ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್‌ನಲ್ಲಿ ಬರೆದದ್ದು. ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯ ಹಳ್ಳಿಗಳು. ಬಾವಿ ನೀರಿನ ಫ್ಲೋರೈಡ್, ಬೆನ್ನು ಕೀಲು ಬಿಗಿದುಹೋದ ಜನ. ನಮ್ಮೂರಿನಲ್ಲಿ ಅರ್ಧ ಜನ ಮನೆಯಲ್ಲಿ ತೆಲುಗು ಆಡುವವರು, ಗಡಿ ದಾಟಿದರೆ ಆಂಧ್ರ, ನೆಲ್ಲೂರು ನಮಗೆ ಪರದೇಶವಲ್ಲ. ಅಜ್ಜ ಕತ್ತು ತಿರುಗಿಸಲಾಗದೆ ಕೂತಿರುತ್ತಿದ್ದುದು ಕಣ್ಣ ಮುಂದೆ ಬಂತು. ಸ್ವಾತಂತ್ರ್ಯಕ್ಕಿಂತ ಹತ್ತು ವರ್ಷ ಮುಂಚೆ ಅಚ್ಚಾಗಿತ್ತು. ಈ ಶಾಲೆ ಶುರುವಾಗುವ ಹೊತ್ತಿಗೆ ಅದಕ್ಕೆ ನಲವತ್ತು ವರ್ಷ ಹತ್ತಿರ. ಅದು ನಮ್ಮ ಹಟ್ಟಿಗೆ ಬಂದು ಮುಟ್ಟಲಿಲ್ಲ. ಆವತ್ತು ಕಂಪ್ಯೂಟರ್ ಮುಚ್ಚಿ ಕಾಲೇಜು ಕ್ಯಾಂಟೀನಿಗೆ ಹೋಗಿ ಸುಮ್ಮನೆ ಕೂತೆ.

ಮತ್ತೆ ಮರುವಾರ ಹೋದೆ. ಕುದಿಸುವ ವಿಷಯ ತಿಳಿದದ್ದು ಆಗ. ಹೇಳಲು ನಾಚಿಕೆ, ಇದಕ್ಕೆ ಜರ್ನಲ್ಲೂ ಬೇಕಿರಲಿಲ್ಲ, ಎಂಟನೇ ಕ್ಲಾಸಿನ ವಿಜ್ಞಾನ ಸಾಕಿತ್ತು. ಫ್ಲೋರೈಡ್ ನೀರಿನಲ್ಲಿ ಕರಗಿದ ಲವಣ. ಕುದಿಸಿದರೆ ನೀರು ಆವಿಯಾಗಿ ಹೋಗುತ್ತದೆ, ಲವಣ ತಪ್ಪಲೆಯಲ್ಲೇ ಉಳಿಯುತ್ತದೆ. ಲೀಟರಿಗೆ 2 ಮಿಲಿಗ್ರಾಂ ಇರುವ ನೀರನ್ನು 10 ಲೀಟರ್ ಇಟ್ಟು, ಕುದಿದು 8 ಲೀಟರ್ ಉಳಿದರೆ, ಲೀಟರಿಗೆ ಎರಡೂವರೆ ಆಯಿತು. ಕುಡಿಯುವ ನೀರಿನಲ್ಲಿ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಎಂದು ನಮ್ಮ ದೇಶದ ಮಾನಕ ಹೇಳುತ್ತದೆ. ಅಮ್ಮನ ಮಂಡಿಗೆ ಒಳ್ಳೆಯದಾಗಲಿ ಎಂದು ನಾನು ನಾಲ್ಕು ವರ್ಷ ಫ್ಲೋರೈಡನ್ನು ಬತ್ತಿಸಿ ಕುಡಿಸಿದ್ದೆ.

ಇದನ್ನು ಅಮ್ಮನಿಗೆ ಹೇಳದೆ ಇರಬಹುದಿತ್ತು. ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾಲ್ಕು ವರ್ಷದ ಸೌದೆ!" ಎಂದಳು. ಇವತ್ತಿಗೂ ಅಷ್ಟೇ ಅಂದಿರುವುದು. ಮುಂದಿನ ಸಾಲಿನಲ್ಲಿ ಕೂತಿದ್ದಾಳೆ, ನೋಡಿ, ನಗುತ್ತಿದ್ದಾಳೆ. ಒಂದು ಮಾತು ಸೇರಿಸಲೇಬೇಕು: ರೋಗಾಣು ಕೊಲ್ಲಲು ಕುದಿಸುವುದು ಸರಿಯೇ. ವಾಂತಿಭೇದಿ ಕಾಲದಲ್ಲಿ ಕುದಿಸಿ ಎಂದು ಆಶಾ ಕಾರ್ಯಕರ್ತೆ ಹೇಳಿದರೆ ನನ್ನ ಭಾಷಣ ನೆನಪಿಸಿಕೊಂಡು ಬಿಡಬೇಡಿ. ಫ್ಲೋರೈಡಿಗೆ ಅದು ಮದ್ದಲ್ಲ, ಅಷ್ಟೇ.

ಎಲ್ಲ ಲೇಖನಗಳೂ ಓದಲು ಸಿಗಲಿಲ್ಲ ಎನ್ನುವುದನ್ನೂ ಹೇಳಬೇಕು. ಹುಡುಕಿದರೆ ಹೆಸರು ಮತ್ತು ಸಾರಾಂಶ ಉಚಿತವಾಗಿ ಕಾಣುತ್ತದೆ. ಪೂರ್ತಿ ಓದಲು ಎಷ್ಟೋ ಪ್ರಕಾಶಕರು ಒಂದೊಂದಕ್ಕೆ 30-40 ಡಾಲರ್ ಕೇಳುತ್ತಾರೆ. ನಮ್ಮ ಜನರ ನೀರು, ನಮ್ಮ ಜನರ ಮೂಳೆ, ನಮ್ಮ ತೆರಿಗೆಯಲ್ಲಿ ನಡೆದ ಸಂಶೋಧನೆ, ಓದಲು ಡಾಲರ್! ಇದಕ್ಕೆ ನನಗೆ ಇನ್ನೂ ಸಿಟ್ಟಿದೆ. ಗ್ರಂಥಾಲಯಗಳು ಚಂದಾ ಕಟ್ಟಿರುತ್ತವೆ, ಅವುಗಳ ಒಳಗಿನ ಕಂಪ್ಯೂಟರಿನಿಂದ ತೆರೆದರೆ ಪ್ರಕಾಶಕರ ಯಂತ್ರ ವಿಳಾಸ ನೋಡಿ ಒಳಗೆ ಬಿಡುತ್ತದೆ. ಅದೇ ಲೇಖನ ಕಾಲೇಜಿನ ಕಾಂಪೌಂಡ್ ದಾಟಿ ಬಸ್‌ಸ್ಟಾಪಿನಲ್ಲಿ ತೆರೆದರೆ ಬಾಗಿಲು ಮುಚ್ಚಿರುತ್ತದೆ. ಹಾಗಾಗಿ ನಾನು ಶನಿವಾರ ಶನಿವಾರ ಅಲ್ಲಿಗೇ ಹೋಗಿ ಓದಿದೆ. ಅಲ್ಲೂ ಇಲ್ಲದ್ದನ್ನು ಮೇಡಂ ಬೇರೆ ಗ್ರಂಥಾಲಯದಿಂದ ತರಿಸಿಕೊಟ್ಟರು. ಇನ್ನೊಂದಕ್ಕೆ ಲೇಖಕರಿಗೇ ಇಮೇಲ್ ಬರೆಯಿರಿ ಎಂದರು. ಬರೆದೆ, ಮೂರನೇ ದಿನ ಕಳಿಸಿದರು, ಜೊತೆಗೆ ನಿಮ್ಮೂರಿನಲ್ಲಿ ಬೋರ್‌ವೆಲ್ ಎಷ್ಟು ಅಡಿ ಎಂದೂ ಕೇಳಿದ್ದರು.

ಈಗ ಕಾಲ ಸ್ವಲ್ಪ ಸುಧಾರಿಸಿದೆ. 2025ರ ಜನವರಿಯಿಂದ ಕೇಂದ್ರ ಸರ್ಕಾರದ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆ ಬಂದಿದೆ. ಸುಮಾರು 6300 ಸರ್ಕಾರಿ ಉನ್ನತ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಿಗೆ 13000ದಷ್ಟು ಜರ್ನಲ್‌ಗಳು. ಹೈಸ್ಕೂಲು ಅದರಲ್ಲಿಲ್ಲ. ಆದರೆ ಇಲ್ಲಿಂದ ಹೋಗಿ ಸರ್ಕಾರಿ ಪದವಿ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಓದುತ್ತಿರುವವರು ನಿಮ್ಮ ಗ್ರಂಥಪಾಲಕರನ್ನು ಕೇಳಿ ನೋಡಿ. ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್, ಕರೆಂಟ್ ಸೈನ್ಸ್ ಇವೆಲ್ಲ ಯಾರು ಬೇಕಾದರೂ ಓದಬಹುದು. ಪಿಎಚ್.ಡಿ. ಪ್ರಬಂಧಗಳಿಗೆ 'ಶೋಧಗಂಗಾ' ಇದೆ, ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳವೂ ಅಲ್ಲಿವೆ, ಪೂರ್ತಿ ಉಚಿತ.

ಇನ್ನು ಹುಣಸೆಹಣ್ಣಿನ ಪ್ರಸಂಗ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2002ರಲ್ಲಿ ಒಂದು ಲೇಖನ ಬರೆದಿದ್ದಾರೆ: ಹುಣಸೆ ತಿಂದರೆ ಮೂತ್ರದಲ್ಲಿ ಫ್ಲೋರೈಡ್ ಹೆಚ್ಚಾಗಿ ಹೊರಗೆ ಹೋಗುತ್ತದೆ ಎಂದು. ನಾನು ಸಾರಾಂಶ ಓದಿ ಕುಣಿದಾಡಿಬಿಟ್ಟೆ. ನಮ್ಮ ಕಡೆ ಹುಣಸೆಮರಕ್ಕೇನು ಬರವೇ? ಪೂರ್ತಿ ಓದುವ ಮುಂಚೆಯೇ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಹಾಕಿದೆ. ಐದು ನಿಮಿಷದಲ್ಲಿ ಅದು ಊರೆಲ್ಲ ಸುತ್ತಿ, "ಹುಣಸೆಹಣ್ಣು ಮಂಡಿನೋವಿಗೆ ರಾಮಬಾಣ, ವಿಜ್ಞಾನಿಗಳ ಸಂಶೋಧನೆ" ಎಂದು ನನಗೇ ವಾಪಸ್ ಬಂತು. ಆ ರಾತ್ರಿ ನಮ್ಮ ನಿವೃತ್ತ ವಿಜ್ಞಾನದ ಮೇಷ್ಟ್ರು ಫೋನ್ ಮಾಡಿದರು. "ಎಷ್ಟು ಜನ? ಯಾರು? ಎಷ್ಟು ದಿನ? ಏನನ್ನು ಅಳೆದರು?" ಎಂದು ಕೇಳಿದರು. ಹತ್ತನೇ ಕ್ಲಾಸಿನಲ್ಲಿ ಬೆಂಚಿನ ಮೇಲೆ ನಿಲ್ಲಿಸಿದ ಹಾಗಾಯಿತು. ಮಾರನೆಯ ಶನಿವಾರ ಹೋಗಿ ಪೂರ್ತಿ ಓದಿದೆ. ಆರೋಗ್ಯವಾಗಿದ್ದ ಹುಡುಗರು, ಕೆಲವೇ ದಿನಗಳ ಪ್ರಯೋಗ, ಅಳೆದದ್ದು ಮೂತ್ರ. ಯಾರ ಮಂಡಿನೋವೂ ವಾಸಿಯಾಯಿತು ಎಂದು ಅವರು ಹೇಳಿಯೇ ಇಲ್ಲ. ಅವರು ಹೇಳಿದ್ದು ಸರಿಯಾಗಿತ್ತು, ನಾನು ಹಂಚಿದ್ದು ತಪ್ಪಾಗಿತ್ತು. ಅಮ್ಮನಿಗೆ ಹೇಳಿದರೆ, "ನಾವು ಹುಟ್ಟಿದಾಗಿಂದ ದಿನಾ ಹುಳಿಸಾರು ತಿಂತಾನೇ ಇದೀವಲ್ಲಪ್ಪ" ಎಂದಳು. ನಾನು ಇಷ್ಟೆಲ್ಲ ಓದಿಯೂ ಕೇಳದ ಪ್ರಶ್ನೆ ಅದು.

ನೀರು ಶುದ್ಧ ಮಾಡುವ ವಿಧಾನಗಳ ಬಗ್ಗೆ ಬೇಕಾದಷ್ಟು ಸಿಕ್ಕಿತು. ನಾಗಪುರದ ನೀರಿ ಸಂಸ್ಥೆಯವರ ನಲ್ಗೊಂಡ ವಿಧಾನ, ಪಟಿಕ ಮತ್ತು ಸುಣ್ಣ ಬಳಸುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಮೆಗ್ನೀಸಿಯಂ ಆಕ್ಸೈಡ್ ಬಳಸುವ ಮನೆಮಟ್ಟದ ವಿಧಾನ ರೂಪಿಸಿದ್ದಾರೆ. ಪಟಿಕ ಎಂದ ಕೂಡಲೇ ಯಾರೂ ಮನೆಗೆ ಹೋಗಿ ಬಿಂದಿಗೆಗೆ ಹಾಕಬೇಡಿ. ನೀರಿನ ಫ್ಲೋರೈಡ್ ಎಷ್ಟು, ಕ್ಷಾರತೆ ಎಷ್ಟು ಎಂದು ಅಳೆದು ಪ್ರಮಾಣ ಹಾಕಬೇಕು. ಹೆಚ್ಚಾದರೆ ಅಲ್ಯೂಮಿನಿಯಂ ನೀರಿನಲ್ಲಿ ಉಳಿಯುತ್ತದೆ ಎಂದೇ ಆಮೇಲಿನ ಲೇಖನಗಳು ಆಕ್ಷೇಪಿಸಿವೆ. ನಾನು ದುಡ್ಡು ಕೊಟ್ಟು ತಂದಿದ್ದ ಇದ್ದಿಲಿನ ಕ್ಯಾಂಡಲ್ ಫಿಲ್ಟರ್ ಫ್ಲೋರೈಡಿಗೆ ಪ್ರಯೋಜನವಿಲ್ಲ ಎಂದೂ ತಿಳಿಯಿತು. ಈಗ ಅದರಲ್ಲಿ ಅಮ್ಮ ರಾಗಿ ತುಂಬಿಟ್ಟಿದ್ದಾಳೆ. ಊರಿನ ಶುದ್ಧ ನೀರಿನ ಘಟಕ ನಡೆಯುವಾಗ ಪರವಾಗಿಲ್ಲ. ಕೆಟ್ಟಾಗ ಏನು ಎಂಬುದು ನಿಮಗೇ ಗೊತ್ತು, ಪಂಚಾಯಿತಿ ಸದಸ್ಯರು ಇಲ್ಲೇ ಇದ್ದಾರೆ, ನಾನು ಹೆಚ್ಚು ಹೇಳುವುದಿಲ್ಲ.

ಕಡೆಯದಾಗಿ ನಮ್ಮ ಬ್ಯಾಚಿನ ಜಗಳ. ಸುವರ್ಣ ಮಹೋತ್ಸವಕ್ಕೆ ಹಣ ಕೂಡಿಸಿದೆವು. ಕೆಲವರು ಗೇಟಿಗೆ ಕಮಾನು ಎಂದರು. ಹೆಚ್ಚಿನವರು ಹೈಸ್ಕೂಲಿಗೆ ದೊಡ್ಡ ಫಿಲ್ಟರ್ ಎಂದರು, ನಾನೂ ಅದನ್ನೇ ಎಂದಿದ್ದೆ. ಓದಿದ ಮೇಲೆ ಮಾತು ಬದಲಿಸಬೇಕಾಯಿತು. ಏಕೆಂದರೆ ಹಲ್ಲಿನ ಹೊಳಪಿನ ಪದರ ಕಟ್ಟುವುದು ಎಳೆ ವಯಸ್ಸಿನಲ್ಲಿ, ಸುಮಾರು ಎಂಟು ವರ್ಷದೊಳಗೆ. ಕಲೆ ಕೂರುವುದು ಆಗ. ಎಂಟನೇ ಕ್ಲಾಸಿಗೆ ಬರುವ ಹುಡುಗನ ಹಲ್ಲಿಗೆ ಆಗುವುದೆಲ್ಲ ಆಗಿಹೋಗಿರುತ್ತದೆ. ಮೂಳೆಗೆ ಒಳ್ಳೆಯ ನೀರು ಯಾವ ವಯಸ್ಸಿನಲ್ಲೂ ಬೇಕು, ಅದು ನಿಜ. ಆದರೆ ಇರುವ ಹಣಕ್ಕೆ ಮೊದಲು ಎಲ್ಲಿ ಎಂದರೆ ಅಂಗನವಾಡಿ ಮತ್ತು ಪ್ರಾಥಮಿಕ ಶಾಲೆ. "ಸುವರ್ಣ ಮಹೋತ್ಸವ ಹೈಸ್ಕೂಲಿನದು, ದುಡ್ಡು ಅಂಗನವಾಡಿಗಾ?" ಎಂದು ಇಬ್ಬರು ಗುಂಪು ಬಿಟ್ಟು ಹೋದರು. ಒಬ್ಬ ವಾಪಸ್ ಬಂದಿದ್ದಾನೆ. ಇನ್ನೊಬ್ಬನನ್ನು ಇವತ್ತು ಊಟದ ಪಂಕ್ತಿಯಲ್ಲಿ ಹಿಡಿಯಬೇಕು.

ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. 100 ಚದರ ಮೀಟರ್ ಮಾಡಿನ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 100 ಲೀಟರ್ ಲೆಕ್ಕ. 20 ಮಿಲಿಮೀಟರಿನ ಒಂದು ಹದ ಮಳೆಗೆ 2000 ಲೀಟರ್, ಸೋರಿಹೋಗುವುದನ್ನು ಕಳೆದರೂ ಪುಟ್ಟ ಮಕ್ಕಳ ಕುಡಿಯುವ ನೀರಿಗೆ ಎಷ್ಟೋ ದಿನ. ನಮ್ಮ ಕಡೆ ಮಳೆಯೇ ಕಡಿಮೆ, ಬಂದದ್ದನ್ನು ಬಿಡಬಾರದು. ಅಂಗನವಾಡಿಯ ಮಾಡಿಗೆ ಕೊಳವೆ ಕೂರಿಸಿ, ಮೊದಲ ಮಳೆಯ ಕೊಳೆ ನೀರು ಹೊರಗೆ ಹೋಗುವ ಹಾಗೆ ಮಾಡಿ, ಮುಚ್ಚಿದ ತೊಟ್ಟಿ ಕಟ್ಟುವ ಕೆಲಸ ಈ ತಿಂಗಳು ಶುರುವಾಗಿದೆ. ತೊಟ್ಟಿ ತೊಳೆಯುವವರು ಯಾರು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಅದಾಗದಿದ್ದರೆ ಉಳಿದದ್ದೆಲ್ಲ ದಂಡ. ಹೈಸ್ಕೂಲಿನ ಫಿಲ್ಟರ್ ಮುಂದಿನ ವರ್ಷ.

ಊಟ ಆದ ಮೇಲೆ ಮೂರು ಗಂಟೆಯಿಂದ ನಾನು ಕಂಪ್ಯೂಟರ್ ಕೊಠಡಿಯಲ್ಲಿರುತ್ತೇನೆ. ಎರಡು ಕಂಪ್ಯೂಟರ್ ನಡೆಯುತ್ತಿವೆ, ಇಂಟರ್‌ನೆಟ್ ನನ್ನ ಮೊಬೈಲಿನಿಂದ. ಪಬ್‌ಮೆಡ್, ಗೂಗಲ್ ಸ್ಕಾಲರ್, ಶೋಧಗಂಗಾ ಮೂರನ್ನೂ ತೆರೆದಿಟ್ಟಿರುತ್ತೇನೆ. ಒಬ್ಬ ಹಿರಿಯರು ಆಗಲೇ ಕಡಲೆಕಾಯಿಯ ಎಲೆಚುಕ್ಕೆ ರೋಗದ ಬಗ್ಗೆ ಹುಡುಕಿಕೊಡು ಎಂದಿದ್ದಾರೆ. ಅದಕ್ಕೆ ಆ ವಿದ್ಯೆಯವರು ಏನು ಹೆಸರಿಟ್ಟಿದ್ದಾರೆ ಎಂದು ನನಗೂ ಗೊತ್ತಿಲ್ಲ, ಜೊತೆಯಲ್ಲೇ ಹುಡುಕೋಣ. ಮೇಷ್ಟ್ರುಗಳು ಒಂದೊಂದು ಪ್ರಶ್ನೆ ತಂದರೆ ಸಂತೋಷ. ಇಂಗ್ಲಿಷ್ ಮೇಷ್ಟ್ರು ಬಂದರೆ ಕಾಗುಣಿತ ನೋಡಿಕೊಳ್ಳಲು ಒಬ್ಬರಾದಂತಾಯಿತು.

ಅದಕ್ಕೆ ಮುಂಚೆ, ಈಗಲೇ, ನಮ್ಮ ಬ್ಯಾಚಿನ ಫೋಟೋ ಇದೆ, ಹುಣಸೆಮರದ ಕೆಳಗೆ. ಈ ಸಲ ಹಲ್ಲು ಬಿಟ್ಟೇ ನಗುವುದು ಎಂದು ಗುಂಪಿನಲ್ಲಿ ತೀರ್ಮಾನವಾಗಿದೆ, ಅದಕ್ಕೆ ಯಾರೂ ಗುಂಪು ಬಿಟ್ಟು ಹೋಗಲಿಲ್ಲ. ಫೋಟೋದವರು ಕೈ ತೋರಿಸುತ್ತಿದ್ದಾರೆ.